ಕೂಗದ ಸನ್ಯಾಸಿನಿ

ಬ್ರ್ನೋ, ೩ ಸೆಪ್ಟೆಂಬರ್ ೨೦೦೧

ಒತಾ ಅಣ್ಣಾ,

ಫೋನಿನಲ್ಲಿ ನೀನು "ಹೂಂ", "ಊಹೂಂ" ಮತ್ತು ಒಂದು ಕೆಮ್ಮು, ಇಷ್ಟರಲ್ಲೇ ಸಂಸಾರ ಸಮಾಚಾರ ಮುಗಿಸುತ್ತೀಯ. ಕಾಗದದ ಮೇಲಾದರೆ ಬಾಯಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸವಿದೆ.

ನಿಮ್ಮ ಗಣಿಯ ಮೀಥೇನ್ ಎಚ್ಚರಿಕೆ ಪೆಟ್ಟಿಗೆ ದೂಳಿಗೂ ಕೂಗುತ್ತದೆ, ತೇವಕ್ಕೂ ಕೂಗುತ್ತದೆ, ಬೇಸತ್ತು ಗಂಡಸರು ಅದರ ಬಾಯಿಗೆ ಚಿಂದಿ ತುರುಕುತ್ತಾರೆ ಎಂದು ಈಸ್ಟರಿಗೆ ಬಂದಾಗ ಹೇಳಿದ್ದೆಯಲ್ಲ? ಆ ಮಾತನ್ನು ನಮ್ಮ ನಿರ್ದೇಶಕ ಹವ್ರಾನೆಕ್‌ಗೆ ಹೇಳಿದೆ. ಅವರು ನಿಮ್ಮ ಗಣಿಯವರ ಹತ್ತಿರ ಮಾತಾಡಿಯೇಬಿಟ್ಟರು. ಇನ್ನು ಆ ಪೆಟ್ಟಿಗೆಗೆ ಹೊಸ ಮಿದುಳು ಮಾಡುವವಳು ನಾನು. ಮಾಡುವವಳು ಎಂದರೆ ಸುಳ್ಳಾದೀತು. ಸಾಕುವವಳು.

ನನ್ನ ಮೇಜಿನ ಮೇಲೊಂದು ಚಿಪ್ ಇದೆ. ಅದರೊಳಗೆ ಸಾವಿರಾರು ಪುಟ್ಟ ಬಾಗಿಲುಗಳು. ಯಾವ ಬಾಗಿಲು ಯಾವುದಕ್ಕೆ ಜೋಡಣೆ ಎಂಬುದನ್ನು ಸೊನ್ನೆ ಒಂದುಗಳ ಒಂದು ಉದ್ದ ಸಾಲು ಹೇಳುತ್ತದೆ. ಸಾಲು ಬದಲಿಸಿದರೆ ಅದೇ ಚಿಪ್ ಬೇರೆ ಯಂತ್ರ. ಬೆಸುಗೆ ಬೇಡ, ತಂತಿ ಬೇಡ. ಕಣ್ಣು ಮುಚ್ಚಿ ಐವತ್ತು ಸಾಲು ಬರೆದು ಒಂದೊಂದನ್ನೂ ಹಾಕಿ ನೋಡುತ್ತೇನೆ. ಅನಿಲವಿದ್ದರೆ ಕೂಗಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಮೊದಲು ಎಲ್ಲವೂ ದಡ್ಡ. ಅವುಗಳಲ್ಲೇ ಕಡಿಮೆ ದಡ್ಡವನ್ನು ಉಳಿಸಿ, ಜೋಡಿ ಮಾಡಿ, ಇದರದರ್ಧ ಅದರದರ್ಧ ಕೂಡಿಸಿ, ಅಲ್ಲೊಂದು ಇಲ್ಲೊಂದು ಅಂಕಿ ತಿರುವಿ ಮರಿ ಮಾಡಿಸುತ್ತೇನೆ. ಮತ್ತೆ ಪರೀಕ್ಷೆ, ಮತ್ತೆ ಮರಿ. ಹೀಗೆ ಸಾವಿರಾರು ತಲೆಮಾರು. ನಿನ್ನ ಪಾರಿವಾಳಗಳ ಹಾಗೆಯೇ, ಹಿಕ್ಕೆ ಮಾತ್ರ ಇಲ್ಲ.

ಪರೀಕ್ಷೆಗೆ ನಿಜವಾದ ಅಳತೆ ಬೇಕು, ನೆಲದಡಿಯದು. ಅನಿಲವಿಲ್ಲದ್ದು ನಲವತ್ತು, ಇರುವಂಥದ್ದು ಸಿಕ್ಕಷ್ಟು. ಅಳತೆ ದಾಖಲಿಸುವ ಪೆಟ್ಟಿಗೆಯನ್ನು ಪಾರ್ಸೆಲ್ ಮಾಡಿದ್ದೇನೆ. ಅನಿಲ ಮಾಪಕಗಳ ಉಸ್ತುವಾರಿ ನಿನ್ನದೇ ಆದ್ದರಿಂದ ಬೇರೆ ಯಾರ ಕೈಗೂ ಕೊಡಬೇಡ. ಮೂವತ್ತು ವರ್ಷ ಇಳಿದ ಕಾಲು ನಿನ್ನದು, ನಾನು ನಂಬುವುದು ಅದನ್ನೇ.

ದ್ರಾಹೊಮೀರಾ


ಓರ್ಲೊವಾ, ೧೭ ಸೆಪ್ಟೆಂಬರ್ ೨೦೦೧

ಡಾಕ್ಟರಮ್ಮನವರಿಗೆ,

ನಿನ್ನ ಪಾರ್ಸೆಲ್ ಬಂತು, ನಿನ್ನ ಅತ್ತಿಗೆಗೆ ಗುಮಾನಿ ಬಂತು. "ಇಷ್ಟು ಭಾರದ ಪೆಟ್ಟಿಗೆ ಯಾರ್ರೀ ಕಳ್ಸಿದ್ದು? ಆ ಲಾಂಡ್ರಿಯವಳಾ?" ಎಂದಳು ಜ್ದೆನಾ. ತಂಗಿ ಎಂದೆ. ನಂಬಲು ಒಂದು ವಾರ ಹಿಡಿಯಿತು.

ಸಾಕುವ ವಿಷಯದಲ್ಲಿ ಒಂದು ಮಾತು. ನನ್ನ ಬಳಿ ಬ್ಯಾರನ್ ಎಂಬ ಗಂಡು ಪಾರಿವಾಳ ಇತ್ತಲ್ಲ, ಐದು ಪದಕ ಗೆದ್ದದ್ದು? ಆರನೆಯ ಸಲ ಬೇರೆ ದಿಕ್ಕಿನಿಂದ ಬಿಟ್ಟರು. ಇವತ್ತಿಗೂ ಬಂದಿಲ್ಲ. ಅದು ದಿಕ್ಕು ನೋಡಿ ಹಾರುತ್ತಿರಲಿಲ್ಲ, ರೈಲು ಹಳಿ ನೋಡಿ ಹಾರುತ್ತಿತ್ತು ಎಂದು ಆಮೇಲೆ ತಿಳಿಯಿತು. ವೀರನನ್ನು ಸಾಕಿದೆ ಎಂದುಕೊಂಡು ರೈಲ್ವೆ ನೌಕರನನ್ನು ಸಾಕಿದ್ದೆ.

ಇವತ್ತು ಇಳಿದಿದ್ದೆ. ಆಲೋಯ್ಸ್ ಗೊತ್ತಲ್ಲ, ನಮ್ಮ ಪಾಳಿಯ ಮೇಸ್ತ್ರಿ, ಹೆಂಡತಿ ತೀರಿ ನಾಲ್ಕು ವರ್ಷ. ನಿನ್ನ ಪೆಟ್ಟಿಗೆ ನೋಡಿ, "ಏನೋ ಒತಾ, ನಿನ್ ತಂಗಿ ಗಾಳಿ ಹಿಡಿಯೋ ಯಂತ್ರ ಮಾಡ್ತಾಳಂತೆ, ನಿನ್ ಬಾಯಿ ಮುಚ್ಚೋ ಯಂತ್ರ ಯಾವಾಗ ಮಾಡ್ತಾಳೆ?" ಎಂದ. ನಮ್ಮನ್ನು ಗಣಿಗೆ ಇಳಿಸುವ ಪಂಜರ ಕೆಳಗೆ ಹೋಗುವಾಗ ಕಿವಿ ಗುಂಯ್ಯೆಂದಿತು. ಕೆಳಗೆ ಮರದ ಕಂಬದ ಹಿಂದೆ ಇಲಿಯೊಂದು ಅವನ ಬ್ರೆಡ್ಡಿನ ಚೀಲ ಎಳೆದುಕೊಂಡು ಹೋಗುತ್ತಿತ್ತು. ಅವನು ಅದಕ್ಕೂ "ದೇವರು ನಡೆಸಲಿ" ಎಂದು ಗಣಿಯ ನಮಸ್ಕಾರ ಹೇಳಿದ.

ಇಳಿಯುವುದು ಎಂಟುನೂರು ಮೀಟರು,
ಹತ್ತಿದ ಮೇಲೆ ಅರ್ಧ ಲೀಟರು.

ಅಳತೆಗಳು ತಿಂಗಳೊಳಗೆ ಬರುತ್ತವೆ.

ಒತಾ


ಬ್ರ್ನೋ, ೨೨ ಅಕ್ಟೋಬರ್ ೨೦೦೧

ಅಣ್ಣಾ,

ಬಂದವು. ಅನಿಲವಿಲ್ಲದ್ದು ನಲವತ್ತು, ಇರುವಂಥದ್ದು ಹದಿನಾಲ್ಕು! ಆ ಹದಿನಾಲ್ಕಕ್ಕಾಗಿ ಎಷ್ಟು ದಿನ ಆ ಕತ್ತಲಲ್ಲಿ ಕಾದೆಯೋ. ನಿನ್ನ ಕೆಮ್ಮಿನ ಮೇಲೆ ಆಣೆ, ಕ್ರಿಸ್ಮಸ್ಸಿಗೆ ಒಳ್ಳೆಯ ಕಾರ್ಪ್ ಮೀನು ನನ್ನ ಲೆಕ್ಕ.

ಹನ್ನೊಂದು ಸಾವಿರ ತಲೆಮಾರಿಗೆ ಒಂದು ಮರಿ ಬಂದಿದೆ, ತಪ್ಪೇ ಮಾಡುವುದಿಲ್ಲ. ಹದಿನಾಲ್ಕಕ್ಕೆ ಹದಿನಾಲ್ಕು ಕೂಗು, ನಲವತ್ತಕ್ಕೆ ನಲವತ್ತು ಮೌನ. ದೂಳಿಗೆ ಬಗ್ಗುವುದಿಲ್ಲ, ತೇವಕ್ಕೆ ಜಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಸೋಜಿಗ ಕೇಳು: ಅನಿಲ ಏರುವ ಮೊದಲೇ ಕೂಗುತ್ತದೆ! ದಾಖಲೆಯಲ್ಲಿ ಅಂಕಿ ಇನ್ನೂ ಸೊನ್ನೆ, ಅದಾಗಲೇ ಅರಚಾಟ. ನಾಲ್ಕೈದು ಸೆಕೆಂಡು ಮುಂಚೆ ಅದಕ್ಕೆ ಏನೋ ತಿಳಿಯುತ್ತದೆ.

ಹೇಗೆ ತಿಳಿಯುತ್ತದೆ ಎಂದು ನೋಡಲು ಅದರ ಜೋಡಣೆ ಬಿಡಿಸಿ ಗೋಡೆಗೆ ಅಂಟಿಸಿದ್ದೇನೆ. ಹುಚ್ಚು ಹಿಡಿದ ಜೇಡನ ಬಲೆ. ಓದಲಾಗುವುದಿಲ್ಲ. ಹವ್ರಾನೆಕ್ ಬಂದು ನೋಡಿ, "ಅರ್ಥ ಆಗೋದು ಬೇಡ ರೀ, ಕೆಲಸ ಆಗ್ಲಿ ಸಾಕು. ನಿಮ್ ಯಕೃತ್ತು ಹೇಗೆ ಕೆಲಸ ಮಾಡುತ್ತೆ ಅಂತ ನಿಮ್ಗೆ ಗೊತ್ತಾ?" ಎಂದರು.

ದ್ರಾಹಾ


ಓರ್ಲೊವಾ, ೨ ನವೆಂಬರ್ ೨೦೦೧

ದ್ರಾಹಾ,

ಅನಿಲ ಬರುವ ಮೊದಲೇ ಕೂಗುತ್ತದೆ ಎಂದೆಯಲ್ಲ. ಹೇಗೆ? ನನಗೇನೂ ಅನುಮಾನವಲ್ಲ, ಸುಮ್ಮನೆ ಕೇಳಿದೆ. ದಾಖಲೆಯಲ್ಲಿ ಬೇರೆ ಏನಾದರೂ ಸದ್ದುಗದ್ದಲ ಸೇರಿಕೊಂಡಿರಬಹುದೆ? ಸೇರಿದ್ದರೆ ಅದರಿಂದ ತೊಂದರೆಯುಂಟೆ? ನಿಮಗೆಲ್ಲ ಗೊತ್ತಿರುತ್ತದೆ, ನಾವು ತಿರುಪು ತಿರುಗಿಸುವವರು.

ನಿನ್ನೆ ಅಪ್ಪ ಅಮ್ಮನ ಸಮಾಧಿಗೆ ದೀಪವಿಟ್ಟು ಬಂದೆವು. ಗಾಳಿಗೆ ಮೂರು ಸಲ ಆರಿತು, ಜ್ದೆನಾಳ ಬಾಯಿ ಒಂದು ಸಲವೂ ಆರಲಿಲ್ಲ.

ಒತಾ


ಬ್ರ್ನೋ, ೧೯ ನವೆಂಬರ್ ೨೦೦೧

ಅಣ್ಣಾ,

ಸದ್ದುಗದ್ದಲ ಇದ್ದೇ ಇರುತ್ತದೆ. ನಿಜವಾದ ಗಣಿಯಲ್ಲಿ ಮಾಡಿದ್ದಲ್ಲವೆ? ಅದಿದ್ದರೇ ಒಳ್ಳೆಯದು, ಮರಿ ಗಟ್ಟಿಯಾಗುತ್ತದೆ. ತಲೆ ಕೆಡಿಸಿಕೊಳ್ಳಬೇಡ.

ಆದರೆ ಇನ್ನೊಂದು ಕಂತು ಬೇಕು. ನಮ್ಮ ಕಸುಬಿನ ನಿಯಮವದು: ಯಾವ ಅಳತೆಯಿಂದ ಸಾಕಿದೆವೋ ಅದರಿಂದಲೇ ಪರೀಕ್ಷಿಸಬಾರದು. ಪಾಠ ಮಾಡಿದ ಪ್ರಶ್ನೆಯನ್ನೇ ಪರೀಕ್ಷೆಗೂ ಕೊಟ್ಟರೆ ದಡ್ಡನೂ ಮೊದಲ ದರ್ಜೆ. ಆರು ಸಾಕು, ಅನಿಲವಿರುವಂಥದ್ದು, ಹೊಸ ಜಾಗದ್ದು. ಡಿಸೆಂಬರ್ ಹತ್ತರೊಳಗೆ. ಜನವರಿಗೆ ಪೆಟ್ಟಿಗೆ ನಿಮ್ಮಲ್ಲಿ ಇಳಿಯಬೇಕು ಎಂದು ಹವ್ರಾನೆಕ್ ಎಲ್ಲೆಡೆ ಸಾರಿಕೊಂಡು ಬಂದಿದ್ದಾರೆ.

ದ್ರಾಹಾ


ಓರ್ಲೊವಾ, ೫ ಡಿಸೆಂಬರ್ ೨೦೦೧

ದ್ರಾಹಾ,

ನಿನ್ನೆ ಗಣಿಯವರನ್ನು ಕಾಯುವ ಸಂತ ಬಾರ್ಬೊರಾಳ ಹಬ್ಬ, ಗಣಿಗೆ ರಜೆ, ಬ್ಯಾಂಡಿಗೆ ಸಜೆ. ಹೀಗಾಗಿ ಆರು ಅಳತೆ ಆಗಲಿಲ್ಲ. ಮೊನ್ನೆ ಇಳಿದಾಗ ಅನಿಲ ಸಿಗಲಿಲ್ಲ. ಅದರ ಹಿಂದಿನ ವಾರ ಪಂಜರದ ಹಗ್ಗ ಬದಲಿಸುತ್ತಿದ್ದರು. ಅನಿಲವೆಂದರೆ ಅಳಿಯನಲ್ಲ, ಕರೆದಾಗ ಬರುವುದಿಲ್ಲ. ಮೊದಲ ಹದಿನಾಲ್ಕರಲ್ಲೇ ಹೇಗಾದರೂ ಸುಧಾರಿಸಲು ಆಗುವುದಿಲ್ಲವೆ?

ಕುಣಿತಕ್ಕೆ ನೀನು ಬರುತ್ತೀ ಎಂದು ಆಲೋಯ್ಸ್ ಹೊಸ ಟೈ ಕಟ್ಟಿ ಕೂತಿದ್ದ. ಕೊನೆಗೆ ಜ್ದೆನಾ ಜೊತೆ ಕುಣಿದು ಅವಳ ಕಾಲು ತುಳಿದ. ಎರಡು ಸಾಲು ಬರೆಯುತ್ತಾನಂತೆ, ಪೆನ್ನು ಕೊಡುತ್ತಿದ್ದೇನೆ.

ಒತಾ

*ಡಾಕ್ಟರ್, ನಿಮ್ಮ ಪೆಟ್ಟಿಗೆ ಭಾರ ಇದೆ ಆದರೆ ಹೊರುವುದಕ್ಕೆ ಬೇಜಾರಿಲ್ಲ. ಬೇಸಿಗೆಯಲ್ಲಿ ಬಂದರೆ ಮೀನು ಹಿಡಿಯುವ ಜಾಗ ತೋರಿಸುತ್ತೇನೆ. ಆಲೋಯ್ಸ್.*


ಬ್ರ್ನೋ, ೧೪ ಡಿಸೆಂಬರ್ ೨೦೦೧

ಅಣ್ಣಾ,

ಎರಡನೆಯ ಕಂತು ಬೇಡ, ಬಿಡು. ಇರುವುದರಲ್ಲೇ ಸಂಭಾಳಿಸಿದೆ. ವರದಿಗೆ ಸಹಿ ಬಿತ್ತು. ಎಚ್ಚರಿಕೆ ಪೆಟ್ಟಿಗೆ ಹೊಸ ವರ್ಷಕ್ಕೆ ಬರುತ್ತದೆ. ವಾರಕ್ಕೊಮ್ಮೆ ಮೇಲೆ ತಂದು ಸಿಲಿಂಡರಿನ ಅನಿಲ ತೋರಿಸಿ ನೋಡಬೇಕು, ವಾರಕ್ಕೊಮ್ಮೆ ನೀನೇ ಕೆಳಗಿಳಿದು ಅದರ ಜಾಗದಲ್ಲಿ ನೋಡಬೇಕು, ಎರಡೂ ಕಾಗದದಲ್ಲಿದೆ.

ಅಳತೆಯ ಪೆಟ್ಟಿಗೆ ಹೊತ್ತವರು ಆಲೋಯ್ಸ್ ಎಂದು ಗೊತ್ತಿರಲಿಲ್ಲ. ನೀನು ಹೊತ್ತೆ ಎಂದುಕೊಂಡಿದ್ದೆ. ವಯಸ್ಸಾಯಿತು ಎಂದು ಒಪ್ಪಿಕೊಳ್ಳಬಾರದೆ, ಮುದುಕಾ?

ದ್ರಾಹಾ


ಓರ್ಲೊವಾ, ೨೫ ಮಾರ್ಚ್ ೨೦೦೨

ದ್ರಾಹಾ,

ಹನ್ನೊಂದು ವಾರ! ಒಮ್ಮೆಯೂ ಸುಳ್ಳು ಕೂಗಿಲ್ಲ. ಹಳೆಯದು ಪಾಳಿಗೆ ನಾಲ್ಕು ಸಲ ಅರಚುತ್ತಿತ್ತು. ಗಂಡಸರು ನಿನ್ನ ಪೆಟ್ಟಿಗೆಗೆ "ಸನ್ಯಾಸಿನಿ" ಎಂದು ಹೆಸರಿಟ್ಟು, ದಾಟುವಾಗ ಟೋಪಿ ಎತ್ತುತ್ತಾರೆ. "ನನ್ ಹೆಂಡ್ತಿಗೂ ಇಂಥದ್ದೊಂದು ಚಿಪ್ ಹಾಕ್ಸಿ ಕೊಡಿ ಅಂತ ನಿನ್ ತಂಗೀಗೆ ಬರೀ ಮಾರಾಯ" ಎಂದು ದಿನವೂ ಒಬ್ಬನ ಅರ್ಜಿ.

ಪ್ರತಿ ಸೋಮವಾರ ಕಾರ್ಯಾಗಾರದಲ್ಲಿ ಸಿಲಿಂಡರ್ ತೋರಿಸುತ್ತೇನೆ. ಕಿವಿ ಕಿತ್ತುಹೋಗುವಂತೆ ಕೂಗುತ್ತಾಳೆ. ತಪಾಸಣೆಯವರೂ ಬಂದು ಕೇಳಿ ತಲೆದೂಗಿದರು. ಇಂಥದೇ ಇನ್ನೂ ಆರು ತರಿಸುತ್ತಾರಂತೆ, ಜೂನ್ ಮೂರಕ್ಕೆ ಎಲ್ಲ ಸುರಂಗಕ್ಕೂ.

ಕೆಳಗೆ ಸನ್ಯಾಸಿನಿಯ ಶಾಂತಿ,
ಮೇಲೆ ಜ್ದೆನಾಳ ಅಶಾಂತಿ,
ನಡುವೆ ನನಗೆ ವಿಶ್ರಾಂತಿ.

ಒತಾ


ಬ್ರ್ನೋ, ೧೧ ಏಪ್ರಿಲ್ ೨೦೦೨

ಅಣ್ಣಾ,

ಮಂಗಳವಾರ ರೇಡಿಯೋದಲ್ಲಿ ಕೇಳಿದಾಗಿನಿಂದ ಫೋನ್ ಮಾಡುತ್ತಿದ್ದೇನೆ. ಅತ್ತಿಗೆ ಎತ್ತಿ, "ಇದ್ದಾರೆ, ಏನೂ ಆಗಿಲ್ಲ, ಮಾತಾಡಲ್ಲ ಅಂತಿದ್ದಾರೆ" ಎಂದು ಇಡುತ್ತಾಳೆ. ಸ್ಫೋಟ, ಮೂವರು ಎಂದರು. ಹೆಸರು ಇವತ್ತಿನ ಪತ್ರಿಕೆಯಲ್ಲಿ ನೋಡಿದೆ. ಮೊದಲನೆಯದೇ ಆಲೋಯ್ಸ್.

ಸನ್ಯಾಸಿನಿ ಕೂಗಿದಳೆ? ಇಷ್ಟು ಹೇಳು, ಬೇರೇನೂ ಬೇಡ.

ದ್ರಾಹಾ


ಬ್ರ್ನೋ, ೬ ಮೇ ೨೦೦೨

ಒತಾ,

ನಾಲ್ಕು ವಾರ ನಿನ್ನಿಂದ ಒಂದು ಅಕ್ಷರವಿಲ್ಲ. ಸ್ಫೋಟದ ತನಿಖಾ ಆಯೋಗದ ಮೊದಲ ವರದಿ ನಮಗೆ ಬಂದಿದೆ. ಯಾರೂ ಕೂಗು ಕೇಳಿಲ್ಲ. ಆಲೋಯ್ಸ್‌ನ ಅನಿಲ ಅಳೆಯುವ ಕೈಮಾಪಕ ಗುಂಡಿ ಹಾಕಿದ ಜೇಬಿನಲ್ಲೇ ಇತ್ತಂತೆ. ಸನ್ಯಾಸಿನಿ ಇರುವಾಗ ಯಾಕೆ ತೆಗೆಯುತ್ತಾನೆ? ಪೆಟ್ಟಿಗೆ ಸುಟ್ಟು ಕರಗಿದೆ, ಒಳಗಿನ ಜೋಡಣೆ ಯಾರೂ ಓದಲಾರದ್ದು, ಆದ್ದರಿಂದ ಕಾರಣ ತಿಳಿಯಲಾಗದು ಎಂದು ಬರೆದಿದ್ದಾರೆ. ಹವ್ರಾನೆಕ್ ಉಸಿರು ಬಿಟ್ಟರು. ನನಗೆ ಬಿಡಲಾಗಲಿಲ್ಲ.

ನಿನ್ನ ಹದಿನಾಲ್ಕು ಅಳತೆಗಳನ್ನು ಮತ್ತೆ ತೆಗೆದೆ. ಪ್ರತಿಯೊಂದರಲ್ಲೂ, ಮೊದಲ ಸೆಕೆಂಡಿನಿಂದ ಕೊನೆಯವರೆಗೆ, ತಂತಿಯಲ್ಲಿ ಸಣ್ಣದೊಂದು ಗುಂಯ್‌ಗುಟ್ಟುವಿಕೆ ಇದೆ. ದೊಡ್ಡ ವಿದ್ಯುತ್ ಮೋಟಾರು ಪಕ್ಕದಲ್ಲಿದ್ದರೆ ಬರುವಂಥದ್ದು. ಅನಿಲವಿಲ್ಲದ ನಲವತ್ತರಲ್ಲಿ ಒಂದರಲ್ಲೂ ಇಲ್ಲ. ಆ ಗುಂಯ್ ಅನ್ನು ತೊಳೆದು ಬರೀ ಅನಿಲ ಉಳಿಸಿ ಯಂತ್ರಕ್ಕೆ ಕೇಳಿಸಿದೆ. ಮೌನ. ಅನಿಲ ತೆಗೆದು ಬರೀ ಗುಂಯ್ ಉಳಿಸಿದೆ. ಕೂಗಿತು, ಒತಾ. ನಾವು ಸಾಕಿದ್ದು ಮೋಟಾರನ್ನು ಗುರುತಿಸುವ ಯಂತ್ರ.

ಸುರಂಗದ ಕೊನೆಯಲ್ಲಿ, ಅನಿಲ ಸೇರುವ ಜಾಗದಲ್ಲಿ, ಕಿಡಿಯ ಭಯಕ್ಕೆ ಅಂಥ ಮೋಟಾರು ಇಡಲು ಯಾರೂ ಬಿಡುವುದಿಲ್ಲ. ಆ ಹದಿನಾಲ್ಕು ಎಲ್ಲಿ ಮಾಡಿದ್ದು? ಆರು ಹೊಸ ಪೆಟ್ಟಿಗೆಗಳು ನಿಮ್ಮ ಉಗ್ರಾಣ ತಲುಪಿವೆ. ಜೂನ್ ಮೂರಕ್ಕೆ ಹಾಕುತ್ತಾರೆ. ಇನ್ನು ನಾಲ್ಕೇ ವಾರ.

ದ್ರಾಹೊಮೀರಾ


ಓರ್ಲೊವಾ, ೨೦ ಮೇ ೨೦೦೨

ದ್ರಾಹೊಮೀರಾ,

ಕಾರ್ಯಾಗಾರದಲ್ಲಿ. ಬೆಂಚಿನ ಮೇಲೆ, ಸಿಲಿಂಡರಿನ ಅನಿಲ ಬಿಟ್ಟು. ಬೆಂಚಿನ ಹಿಂದೆ ವಿದ್ಯುತ್ ಮೋಟಾರಿನ ಗಾಳಿ ಕಂಪ್ರೆಸರ್ ಇದೆ, ಹಗಲೆಲ್ಲ ಓಡುತ್ತದೆ. ಮೂವತ್ತು ವರ್ಷದಿಂದ ಇರುವ ಸದ್ದು, ನನ್ನ ಕಿವಿಗೆ ಬೀಳುವುದೇ ಇಲ್ಲ. ಸೋಮವಾರದ ಪರೀಕ್ಷೆಯೂ ಅಲ್ಲೇ. ಅದಕ್ಕೇ ಪ್ರತಿ ಸೋಮವಾರ ಕೂಗಿದಳು.

ನಾನು ಮೂರು ವರ್ಷದಿಂದ ಇಳಿದಿಲ್ಲ. ಒಂದು ಸಲ ಪಂಜರ ನಡುವೆ ಸಿಕ್ಕಿ ಐದು ಗಂಟೆ ನೇತಾಡಿದೆವು, ನಾನು ಮತ್ತು ಆಲೋಯ್ಸ್. ಅವನು ಮರುದಿನ ಇಳಿದ. ನಾನು ಬಾಗಿಲವರೆಗೆ ಹೋಗಿ ತಿರುಗಿ ಬಂದೆ. "ಯಾರ್ಗೂ ಹೇಳ್ಬೇಡ, ನಾಳೆ ಸರಿಹೋಗುತ್ತೆ ಬಿಡೋ" ಎಂದ. ಸರಿಹೋಗಲಿಲ್ಲ. ಇಳಿಯುವವನು ಹಲಗೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕಲ್ಲ, ಖಾಲಿ ಮೊಳೆ ನೋಡಿದರೆ ಯಾರು ಕೆಳಗಿದ್ದಾರೆ ಎಂದು ಗೊತ್ತಾಗಲಿ ಎಂದು. ನಾನು ಇಳಿಯಬೇಕಾದ ದಿನಗಳಲ್ಲಿ ನನ್ನ ಬಿಲ್ಲೆಯನ್ನು ಅವನು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಿನಗೆ ಬರೆದ ಇಲಿ, ಬ್ರೆಡ್ಡಿನ ಚೀಲ, ಎಲ್ಲ ಅವನು ಮೇಲೆ ಬಂದು ಹೇಳಿದ್ದು. ನಲವತ್ತು ಅಳತೆ ಅವನು ಮಾಡಿ ತಂದ. ಅನಿಲವಿರುವ ಜಾಗಕ್ಕೆ ಮಾಪಕದವನನ್ನು ಬಿಟ್ಟು ಬೇರೆಯವರು ಹೋಗುವಂತಿಲ್ಲ, ಅಲ್ಲಿಗೂ ನನ್ನ ಬದಲು ಹೋಗು ಎಂದು ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಸಿಲಿಂಡರಿನದೂ ಅನಿಲವೇ ತಾನೆ ಎಂದುಕೊಂಡೆ. ನೀನು ಅದು ಮುಂಚೆಯೇ ಕೂಗುತ್ತದೆ ಎಂದು ಬರೆದ ದಿನ ಕಂಪ್ರೆಸರಿನ ಕಡೆ ನೋಡಿದೆ. ನೋಡಿಯೂ ನಿನ್ನನ್ನು ಅರ್ಧ ಮಾತಿನಲ್ಲಿ ಕೇಳಿದೆ. ನೀನು ತಲೆ ಕೆಡಿಸಿಕೊಳ್ಳಬೇಡ ಎಂದೆ. ನನಗೆ ಅಷ್ಟು ಸಾಕಾಯಿತು.

ಮುಂದಿನದು ನಿನಗೆ ಗೊತ್ತಿಲ್ಲ. ಏಪ್ರಿಲ್ ಒಂಬತ್ತು ನಾನು ಕೆಳಗಿಳಿದು ಸನ್ಯಾಸಿನಿಯನ್ನು ನೋಡಬೇಕಾದ ಮಂಗಳವಾರ. ನನ್ನ ಬಿಲ್ಲೆ ಆಲೋಯ್ಸ್‌ನ ಜೇಬಿನಲ್ಲಿತ್ತು. ಹಲಗೆಯಲ್ಲಿ ಆ ಸುರಂಗದ ನಾಲ್ಕು ಮೊಳೆ ಖಾಲಿ. ರಕ್ಷಣಾ ತಂಡ ಮೂವರನ್ನು ತಂದಮೇಲೆ ನಾಲ್ಕನೆಯವನಿಗಾಗಿ ಮತ್ತೆ ಒಳಗೆ ಹೋಯಿತು. ಬೆಂಕಿಯಿರುವ ಸುರಂಗಕ್ಕೆ, ಐದು ಜನ. ನಾನು ಮೇಲೆ, ಗಣಿಗಿಳಿಯುವವರ ತಲೆದೀಪ ಇಡುವ ದೀಪದ ಕೋಣೆಯ ಕಪಾಟಿನ ಹಿಂದೆ ನಿಂತಿದ್ದೆ. ನಲವತ್ತು ನಿಮಿಷ. ಆಮೇಲೆ ಹೊರಗೆ ಬಂದು, ಬಿಲ್ಲೆ ಅದಲುಬದಲಾಗಿದೆ ಎಂದೆ. ನನ್ನನ್ನು ಜೀವಂತ ಕಂಡು ಅವರು ತಬ್ಬಿಕೊಂಡರು, ದ್ರಾಹಾ. ಒಬ್ಬ ಅತ್ತ.

ಒತಾ


ಬ್ರ್ನೋ, ೨೩ ಮೇ ೨೦೦೨

ಅಣ್ಣಾ,

ನಿನ್ನ ಪತ್ರ ಇವತ್ತು ಬಂತು. ಬೈಯಲು ಕೂತೆ. ಬೈಯುವ ಮೊದಲು ಇದನ್ನು ಓದು.

ಎರಡನೆಯ ಕಂತು ಇಲ್ಲದೆ ವರದಿ ಹೇಗೆ ಸಹಿಯಾಯಿತು ಎಂದು ನೀನು ಕೇಳಲೇ ಇಲ್ಲ. ಮೊದಲ ಹದಿನಾಲ್ಕರಲ್ಲೇ ಆರನ್ನು ನಕಲು ಮಾಡಿ, ತಾರೀಖು ತಿದ್ದಿ, "ಹೊಸ ಅಳತೆ, ಬೇರೆ ಸುರಂಗ" ಎಂದು ಬರೆದೆ. ಆರಕ್ಕೆ ಆರು ಸರಿ. ಸರಿಯಾಗದೆ ಏನು? ನೀನು ಅಳತೆ ಕಳಿಸದೆ ತಪ್ಪಿಸಿಕೊಳ್ಳುತ್ತಿದ್ದೀ ಎಂದು ತಿಳಿದಿತ್ತು. ಸೋಮಾರಿತನ ಎಂದುಕೊಂಡೆ. ಒಂದು ದಿನ ರೈಲು ಹತ್ತಿ ಬಂದಿದ್ದರೆ ಆ ಬೆಂಚು, ಆ ಕಂಪ್ರೆಸರ್ ಎರಡೂ ಕಣ್ಣಿಗೆ ಬೀಳುತ್ತಿದ್ದವು. ಬಾರ್ಬೊರಾ ಹಬ್ಬದ ಕುಣಿತಕ್ಕೆ ಬಂದಿದ್ದರೂ ಸಾಕಿತ್ತು.

ನಿನ್ನ ಪತ್ರ ಬರುವ ಮೊದಲೇ ಹವ್ರಾನೆಕ್‌ಗೆ ನನ್ನದೆಲ್ಲ ಹೇಳಿದ್ದೆ. ಬಾಗಿಲು ಹಾಕಿಕೊಂಡು ಬಂದು, "ನಿಮ್ ಮನಸ್ಸು ಸರಿಯಿಲ್ಲ, ರಜ ತಗೊಳ್ಳಿ. ಅನಿಲ ಇದ್ದೂ ನಿಮ್ ಯಂತ್ರ ಸುಮ್ನಿತ್ತು ಅನ್ನೋಕೆ ಕೆಳಗಿಂದ ಒಂದಾದ್ರೂ ಅಳತೆ ಇದೆಯಾ? ತೊಳೆದ ಟೇಪು ತೋರಿಸ್ಬೇಡಿ ನಂಗೆ" ಎಂದರು. ಆಯೋಗಕ್ಕೂ ಆಗಲೇ ಬರೆದಿದ್ದೆ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ, ಜೂನ್ ಕೊನೆಗೆ ಸಭೆಯಂತೆ. ಪೆಟ್ಟಿಗೆಗಳು ಜೂನ್ ಮೂರಕ್ಕೆ.

ನೆಲದಡಿಯ ಒಂದು ನಿಜವಾದ ಅಳತೆ ಬೇಕು. ಉಗ್ರಾಣದ ಆರರಲ್ಲಿ ಒಂದನ್ನು ತೆಗೆದುಕೊಂಡು ಯಾರನ್ನಾದರೂ ಕಳಿಸು. ನೀನು ಹೋಗಬೇಡ. ಇದನ್ನು ಪ್ರೀತಿಯಿಂದ ಹೇಳುತ್ತಿದ್ದೇನೋ ಅಪನಂಬಿಕೆಯಿಂದಲೋ ನನಗೇ ಗೊತ್ತಿಲ್ಲ.

ಆಲೋಯ್ಸ್ ಬರೆದ ಎರಡು ಸಾಲಿಗೆ ನಾನು ಉತ್ತರ ಬರೆಯಲಿಲ್ಲ.

ದ್ರಾಹಾ


ಓರ್ಲೊವಾ, ೨೯ ಮೇ ೨೦೦೨

ದ್ರಾಹೊಮೀರಾ,

ಅಳತೆಗಳ ಡಿಸ್ಕ್ ಇದರ ಜೊತೆಗಿದೆ. ಒಂದು ಪ್ರತಿ ಆಯೋಗಕ್ಕೆ ಹೋಗಿದೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ.

೬.೧೦. ಬಿಲ್ಲೆ ತೆಗೆದೆ. ಪಂಜರದ ಬಾಗಿಲಿಂದ ಎರಡು ಸಲ ಹಿಂದೆ ಬಂದೆ. ಮೂರನೆಯ ಸಲ ಹತ್ತಿದೆ.

೬.೧೩. ವಾಂತಿ, ಟೋಪಿಯೊಳಗೆ. ಜೊತೆಗಿದ್ದ ಇಬ್ಬರೂ ಗೋಡೆ ನೋಡಿದರು.

೭.೨೦. ಪೂರ್ವದ ಸುರಂಗದ ಕೊನೆ. ಕೈಮಾಪಕ ನೂರಕ್ಕೆ ೦.೪. ಯಂತ್ರ ಸುಮ್ಮನೆ. ಸರಿಯಾಗಿದೆ.

೭.೩೫. ಹತ್ತು ಹೆಜ್ಜೆ ಮುಂದೆ. ೧.೧. ಯಂತ್ರ ಸುಮ್ಮನೆ. ಒಂದಕ್ಕೆ ಕೂಗಬೇಕಿತ್ತು.

೭.೪೮. ಛಾವಣಿಯ ಬಳಿ. ೧.೬. ಸುಮ್ಮನೆ.

೭.೫೫. ೧.೯. ಸುಮ್ಮನೆ. ಜೊತೆಯವನೊಬ್ಬ, "ಒತಾ ಮಾಮ, ಸಾಕು ಬನ್ರೀ, ಸತ್ತು ತೋರಿಸ್ಬೇಕಾ?" ಎಂದ. ಇಬ್ಬರನ್ನೂ ಹಿಂದಕ್ಕೆ ಕಳಿಸಿದೆ.

೮.೦೪. ೨.೩. ಸುಮ್ಮನೆ. ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ.

ಮೇಲೆ ಬಂದು ಅದೇ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟೆ. ಸಿಲಿಂಡರ್ ಮುಟ್ಟಲಿಲ್ಲ. ಕಂಪ್ರೆಸರ್ ಮಾತ್ರ ಹಾಕಿದೆ. ಕೂಗಿತು. ಎರಡನೆಯ ಪಾಳಿಯವರು ದೀಪದ ಕೋಣೆಯಿಂದ ಓಡಿ ಬಂದರು. ರಕ್ಷಣಾ ತಂಡದ ಐವರಲ್ಲಿ ಮೂವರಿದ್ದರು. ಅಂದು ಅತ್ತವನೂ ಇದ್ದ. "ಎಲ್ಲಿ ಒತಾ, ಎಲ್ಲಿ ಅನಿಲ?" ಎಂದರು. ಇಲ್ಲ ಎಂದೆ. ಆಮೇಲೆ ಸೆಪ್ಟೆಂಬರಿನ ನಲವತ್ತು ಅಳತೆಯಿಂದ ಏಪ್ರಿಲಿನ ನಲವತ್ತು ನಿಮಿಷದವರೆಗೆ ಎಲ್ಲವನ್ನೂ ಹೇಳಿದೆ. ಕಂಪ್ರೆಸರ್ ಆರಿಸಲು ಒಬ್ಬನ ಕೈಯೂ ಹೋಗಲಿಲ್ಲ. ಅವರಿಗೆ ಕೇಳಿಸಬೇಕಾದರೆ ನಾನು ಆ ಕೂಗಿಗಿಂತ ಜೋರಾಗಿ ಅರಚಬೇಕಾಯಿತು.

ಒತಾಕಾರ್ ಸ್ಕೌಪಿಲ್